ಆನ್‌ಲೈನ್ ಖರೀದಿ: ಸರಕು ಮರಳಿಸುವ ಹಕ್ಕು, ಹಣ ಮರಳಿ ಪಡೆಯುವ ದಾರಿ

ಆನ್‌ಲೈನಿನಲ್ಲಿ ಕೊಂಡ ಸರಕನ್ನು ಮರಳಿಸುವ ವಿಚಾರದಲ್ಲಿ ಭಾರತದ ಗ್ರಾಹಕರಲ್ಲಿ ಎರಡು ನಂಬಿಕೆಗಳು ಬೇರೂರಿವೆ. ಮನಸ್ಸಿಗೆ ಒಪ್ಪದ ಯಾವುದೇ ವಸ್ತುವನ್ನು ಕೆಲವು ದಿನಗಳೊಳಗೆ ಹಿಂದಕ್ಕೆ ಕೊಟ್ಟು ಹಣ ಪಡೆಯುವುದು ಕಾನೂನು ಕೊಟ್ಟಿರುವ ಹಕ್ಕು ಎಂಬುದು ಮೊದಲನೆಯದು. ಆ್ಯಪ್‌ನಲ್ಲಿ ‘ರಿಟರ್ನ್ ಅವಧಿ ಮುಗಿದಿದೆ’ ಎಂಬ ಸಾಲು ಕಾಣಿಸಿಕೊಂಡ ಮೇಲೆ, ಬಂದ ವಸ್ತು ದೋಷಪೂರಿತವಾಗಿದ್ದರೂ ಮಾಡಲು ಏನೂ ಉಳಿದಿಲ್ಲ ಎಂಬುದು ಎರಡನೆಯದು. ಎರಡೂ ಸರಿಯಲ್ಲ. ಮೊದಲನೆಯ ತಪ್ಪು ತಿಳುವಳಿಕೆಯಿಂದ ಆಗುವುದು ಸಣ್ಣ ನಿರಾಶೆಯಷ್ಟೇ. ಎರಡನೆಯದರಿಂದ ಆಗುವುದು ನಿಜವಾದ ನಷ್ಟ, ಏಕೆಂದರೆ ಕಂಪನಿಯ ನೀತಿಯನ್ನೇ ದೇಶದ ಕಾನೂನೆಂದು ಭಾವಿಸಿದ ಗ್ರಾಹಕರು ತಮಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ಮೊದಲು ಮನಸ್ಸು ಬದಲಾದ ಸಂದರ್ಭವನ್ನು ನೋಡಬಹುದು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ಆನ್‌ಲೈನಿನಲ್ಲಿ ಕೊಂಡವರು 14 ದಿನಗಳೊಳಗೆ ಯಾವ ಕಾರಣವನ್ನೂ ಕೊಡದೆ ಖರೀದಿಯಿಂದ ಹಿಂದೆ ಸರಿಯಬಹುದು. ಕೆಲವು ಬಗೆಯ ಸರಕುಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಭಾರತದ ಕಾನೂನಿನಲ್ಲಿ ಆನ್‌ಲೈನ್ ಖರೀದಿಗೆ ಅಂಥ ಸಾರ್ವತ್ರಿಕ ಹಕ್ಕು ಇಲ್ಲ. ಬಣ್ಣ ಹಿಡಿಸಲಿಲ್ಲವೆಂದೋ ಅಳತೆ ಹೊಂದಲಿಲ್ಲವೆಂದೋ ಬಟ್ಟೆಯನ್ನು ಮರಳಿಸಲು ಸಾಧ್ಯವಾಗುವುದು, ಪೈಪೋಟಿಯ ಮಾರುಕಟ್ಟೆಯಲ್ಲಿ ಗ್ರಾಹಕರ ವಿಶ್ವಾಸ ಗಳಿಸಲು ಕಂಪನಿಗಳು ತಾವಾಗಿಯೇ ಕೊಟ್ಟಿರುವ ಸೌಲಭ್ಯದಿಂದ. ಆದ್ದರಿಂದಲೇ ಆ ಸೌಲಭ್ಯ ಸರಕಿನಿಂದ ಸರಕಿಗೆ ಬೇರೆಯಾಗುತ್ತದೆ. ಒಳಉಡುಪು, ಆಹಾರ ಪದಾರ್ಥಗಳಂಥವನ್ನು ವಾಪಸು ಪಡೆಯುವುದಿಲ್ಲವೆಂದು ಮೊದಲೇ ತಿಳಿಸಿರುತ್ತಾರೆ, ಮೊಬೈಲ್ ಫೋನಿನಂಥವಕ್ಕೆ ಹಣ ಕೊಡದೆ ಬದಲಿ ವಸ್ತುವನ್ನಷ್ಟೇ ಕೊಡುವ ಷರತ್ತು ಇರುತ್ತದೆ. ವಸ್ತು ಸರಿಯಾಗಿದ್ದು ಗ್ರಾಹಕರ ಮನಸ್ಸು ಮಾತ್ರ ಬದಲಾದಾಗ ಈ ಷರತ್ತುಗಳಿಗೆ ಬದ್ಧರಾಗಬೇಕಾಗುತ್ತದೆ. ಹೀಗಾಗಿ ಆರ್ಡರ್ ಮಾಡುವ ಮೊದಲು ಓದಲೇಬೇಕಾದದ್ದು ವಸ್ತುವಿನ ಪುಟದಲ್ಲಿ ಬೆಲೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ರಿಟರ್ನ್ ನೀತಿ.

ವಸ್ತುವೇ ಸರಿಯಿಲ್ಲದಿದ್ದರೆ ಚಿತ್ರ ಪೂರ್ತಿ ಬದಲಾಗುತ್ತದೆ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದಿತು. ಅದರ ಅಡಿಯಲ್ಲಿ ಇ-ಕಾಮರ್ಸ್ ನಿಯಮಗಳನ್ನು ಅದೇ ತಿಂಗಳ 23ರಂದು ಪ್ರಕಟಿಸಲಾಯಿತು. ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಇಲ್ಲವೇ ಒಪ್ಪಿಕೊಂಡ ಗುಣಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದಿದ್ದರೆ, ಮಾರಾಟಗಾರರು ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ ಎಂದು ಈ ನಿಯಮಗಳ ಪೈಕಿ ಆರನೆಯದು ಸ್ಪಷ್ಟವಾಗಿ ಹೇಳುತ್ತದೆ. ನೆರೆ, ಭೂಕಂಪದಂಥ ಮನುಷ್ಯನ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ಅದಕ್ಕೆ ವಿನಾಯಿತಿ. ತಡವಾಗಿ ಬಂದದ್ದೇ ಹಣ ಕೇಳಲು ಸಾಕಾದ ಕಾರಣ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಮದುವೆಗೆಂದು ತರಿಸಿದ ಸೀರೆ ಹೇಳಿದ ದಿನ ದಾಟಿ, ಮದುವೆ ಮುಗಿದ ಮೇಲೆ ಬಂದರೆ ಅದನ್ನು ಇಟ್ಟುಕೊಳ್ಳಬೇಕಾದ ಹಂಗು ಗ್ರಾಹಕರಿಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಯ್ದೆಯ 2(47)ನೇ ಕಲಂ ‘ಅನುಚಿತ ವ್ಯಾಪಾರ ಪದ್ಧತಿ’ ಎಂದರೇನೆಂದು ವಿವರಿಸುವಾಗ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡದಿರುವುದನ್ನೂ ಅದರಲ್ಲಿ ಸೇರಿಸುತ್ತದೆ. ಇದನ್ನೇ ಮುಂದಿಟ್ಟುಕೊಂಡು, ಬಿಲ್ಲಿನಲ್ಲಿ ಏಳು ದಿನವೆಂದಿದೆಯಲ್ಲ ಎಂದು ಮಾರಾಟಗಾರರು ವಾದಿಸಬಹುದು. ಆದರೆ ಆರನೆಯ ನಿಯಮದಲ್ಲಿ ಅಂಥ ದಿನಗಳ ಲೆಕ್ಕವಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾಯ್ದೆ ಎರಡು ವರ್ಷಗಳ ಕಾಲಾವಕಾಶವನ್ನು ಇಟ್ಟಿದೆ. ತಯಾರಕರು ಕೊಟ್ಟ ವಾರಂಟಿಯೂ ಪ್ರತ್ಯೇಕವಾಗಿ ಜೀವಂತವಾಗಿರುತ್ತದೆ. ಆದ್ದರಿಂದ ಆ್ಯಪ್‌ನ ರಿಟರ್ನ್ ಗುಂಡಿ ಮಾಯವಾದ ಮಾತ್ರಕ್ಕೆ ದೋಷಪೂರಿತ ವಸ್ತುವಿನ ಮೇಲಿನ ಹಕ್ಕು ಮಾಯವಾಗುವುದಿಲ್ಲ. ಆದರೂ ದೋಷ ಕಂಡ ದಿನವೇ ಬರಹದಲ್ಲಿ ದೂರು ದಾಖಲಿಸಿದವರ ವಾದಕ್ಕೆ ಇರುವ ಬಲ ತಿಂಗಳುಗಟ್ಟಲೆ ಸುಮ್ಮನಿದ್ದವರ ವಾದಕ್ಕೆ ಇರುವುದಿಲ್ಲ.

ಹಕ್ಕು ಇದೆ ಎಂದಾದ ಮೇಲೆ ಅದನ್ನು ಯಾರ ಮುಂದೆ ಮಂಡಿಸಬೇಕೆಂಬ ಪ್ರಶ್ನೆ ಬರುತ್ತದೆ, ಮತ್ತು ತೊಡಕು ಹುಟ್ಟುವುದು ಇಲ್ಲಿಯೇ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಆಗಲಿ, ಅಮೆರಿಕ ಮೂಲದ ಅಮೆಜಾನ್ ಆಗಲಿ, ತಮ್ಮ ಜಾಲತಾಣದಲ್ಲಿ ಕಾಣುವ ಸರಕುಗಳನ್ನು ತಾವೇ ಮಾರುವುದಿಲ್ಲ. ಅವು ಮಾರಾಟಗಾರರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸುವ ಮಾರುಕಟ್ಟೆ ವೇದಿಕೆಗಳು, ಅಂದರೆ ಮಾರ್ಕೆಟ್‌ಪ್ಲೇಸ್‌ಗಳು. ಇದಕ್ಕೆ ಕಾರಣ ವಿದೇಶಿ ಬಂಡವಾಳದ ನೀತಿ: 2016ರಲ್ಲಿ ಕೇಂದ್ರ ಸರ್ಕಾರ ಮಾರುಕಟ್ಟೆ ವೇದಿಕೆಗೆ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಒಪ್ಪಿಗೆ ಕೊಟ್ಟು, ಸ್ವಂತ ದಾಸ್ತಾನಿನಿಂದ ಮಾರುವ ಮಾದರಿಗೆ ಅದನ್ನು ನಿಷೇಧಿಸಿತು; 2019ರ ಫೆಬ್ರುವರಿಯಿಂದ ಆ ನಿರ್ಬಂಧ ಇನ್ನೂ ಬಿಗಿಯಾಯಿತು. ಹೀಗಾಗಿ ಗ್ರಾಹಕರು ಪ್ರಸಿದ್ಧ ಹೆಸರನ್ನು ನಂಬಿ ಆರ್ಡರ್ ಮಾಡಿದರೂ ಬಿಲ್ಲಿನಲ್ಲಿ ಇರುವುದು ಎಂದೂ ಕೇಳಿರದ ಯಾವುದೋ ಊರಿನ ವ್ಯಾಪಾರಿಯ ಹೆಸರು. ವಿವಾದ ಬಂದಾಗ ವೇದಿಕೆಯು ಮಾರಾಟಗಾರರತ್ತ ಬೆರಳು ತೋರಿಸುತ್ತದೆ, ಮಾರಾಟಗಾರರು ವೇದಿಕೆಯತ್ತ, ಇಬ್ಬರೂ ಸೇರಿ ಕೊರಿಯರ್‌ನವರತ್ತ.

ಈ ಜಾರಿಕೊಳ್ಳುವಿಕೆಗೆ ಕಾನೂನು ಒಂದಿಷ್ಟು ತಡೆ ಹಾಕಿದೆ. ಮಾರಾಟಗಾರರ ವ್ಯಾಪಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ, ರಿಟರ್ನ್ ಮತ್ತು ರಿಫಂಡ್ ಷರತ್ತುಗಳನ್ನು ವೇದಿಕೆ ಎದ್ದು ಕಾಣುವಂತೆ ಪ್ರಕಟಿಸಬೇಕು. ಪ್ರತಿ ದೂರಿಗೂ ಅದರ ಸ್ಥಿತಿಯನ್ನು ತಿಳಿಯಲು ಒಂದು ಸಂಖ್ಯೆ ಕೊಡಬೇಕು. ಖರೀದಿಯಾದ ಬಳಿಕ ಗ್ರಾಹಕರು ಲಿಖಿತವಾಗಿ ಕೇಳಿದರೆ, ವ್ಯಾಜ್ಯ ಹೂಡಲು ಬೇಕಾಗುವ ಮಾರಾಟಗಾರರ ಪೂರ್ಣ ವಿವರವನ್ನು ಒದಗಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಮಧ್ಯವರ್ತಿಗಳಿಗೆ ಕೊಡುವ ರಕ್ಷಣೆಯೂ ಷರತ್ತುಬದ್ಧವಾದದ್ದೇ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಕಡ್ಡಾಯ ಗುಣಮಟ್ಟವಿಲ್ಲದ ಪ್ರೆಶರ್ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ ವಿಧಿಸಿ, ಮಾರಾಟವಾಗಿದ್ದ 2,265 ಕುಕ್ಕರ್‌ಗಳನ್ನು ಹಿಂಪಡೆದು ಕೊಂಡವರಿಗೆ ಹಣ ಮರಳಿಸುವಂತೆ ಆದೇಶಿಸಿತು; ಕಂಪನಿ ಆ ಆದೇಶವನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ವೇದಿಕೆಗಳ ಹೊಣೆ ಎಲ್ಲಿಯವರೆಗೆ ಎಂಬ ಚರ್ಚೆ ಹೀಗೆ ಮುಂದುವರಿದಿರುವುದರಿಂದ, ದೂರು ಕೊಡುವಾಗ ಬಿಲ್ಲಿನಲ್ಲಿರುವ ಮಾರಾಟಗಾರರನ್ನೂ ವೇದಿಕೆಯನ್ನೂ ಎದುರುದಾರರನ್ನಾಗಿ ಹೆಸರಿಸುವುದು ಜಾಣತನ.

ಸರಕು ಹಿಂದಿರುಗಿದ ಮೇಲೆ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದೂ ತಿಳಿದಿರಬೇಕು. ವಾಪಸು ಒಯ್ಯಲು ಬಂದವರು ಮನೆ ಬಾಗಿಲಲ್ಲಿಯೇ ಬಟ್ಟೆಯ ಟ್ಯಾಗ್, ಮೊಬೈಲಿನ ಐಎಂಇಐ ಸಂಖ್ಯೆ ಮುಂತಾದವನ್ನು ಪರಿಶೀಲಿಸುತ್ತಾರೆ. ಅನೇಕ ಸಲ ಗೋದಾಮಿನಲ್ಲಿ ಮತ್ತೊಂದು ತಪಾಸಣೆ ನಡೆಯುತ್ತದೆ. ಆಮೇಲೆ ವೇದಿಕೆಯು ಪಾವತಿ ಸಂಸ್ಥೆಗೆ ಸೂಚನೆ ಕೊಡುತ್ತದೆ, ಅಲ್ಲಿಂದ ಹಣ ಬ್ಯಾಂಕುಗಳ ನಡುವೆ ಸಾಗಿ ಕೊನೆಗೆ ಗ್ರಾಹಕರ ಖಾತೆಯನ್ನು ಮುಟ್ಟುತ್ತದೆ. ‘ರಿಫಂಡ್ ಆಗಿದೆ’ ಎಂಬ ಸಂದೇಶ ಬಂದರೂ ಖಾತೆಗೆ ಹಣ ಬಾರದಿರುವುದಕ್ಕೆ ಎಷ್ಟೋ ಬಾರಿ ಈ ಅಂತರವೇ ಕಾರಣ. ಅಂಥ ಸಮಯದಲ್ಲಿ ಕಸ್ಟಮರ್ ಕೇರ್‌ನವರಲ್ಲಿ ಕೇಳಬೇಕಾದದ್ದು ಆ ವಹಿವಾಟಿನ ಉಲ್ಲೇಖ ಸಂಖ್ಯೆಯನ್ನು: ಕಾರ್ಡ್ ಪಾವತಿಯಾಗಿದ್ದರೆ ಅದನ್ನು ಎಆರ್‌ಎನ್ ಎಂದೂ ಯುಪಿಐ ಆಗಿದ್ದರೆ ಆರ್‌ಆರ್‌ಎನ್ ಎಂದೂ ಕರೆಯುತ್ತಾರೆ. ಆ ಸಂಖ್ಯೆಯನ್ನು ಬ್ಯಾಂಕಿಗೆ ಕೊಟ್ಟರೆ ಹಣ ಎಲ್ಲಿ ನಿಂತಿದೆ ಎಂದು ಹುಡುಕಬಹುದು. ಸಂಖ್ಯೆಯನ್ನೇ ಕೊಡಲಾಗದಿದ್ದರೆ ಹಣ ಇನ್ನೂ ಹೊರಟೇ ಇಲ್ಲವೆಂದು ಅನುಮಾನಿಸಲು ಕಾರಣವಿದೆ.

ಹಣದ ಬದಲು ಕೂಪನ್ ಅಥವಾ ಆ್ಯಪ್‌ನೊಳಗಿನ ವ್ಯಾಲೆಟ್‌ಗೆ ಜಮೆ ಮಾಡಿ ಕೈತೊಳೆದುಕೊಳ್ಳುವ ರೂಢಿಯೂ ಇದೆ. ಪಾವತಿ ಸಂಸ್ಥೆಗಳಿಗಾಗಿ ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿರುವ ನಿಯಮಗಳ ಪ್ರಕಾರ, ಗ್ರಾಹಕರು ಬೇರೆ ವಿಧಾನಕ್ಕೆ ಸ್ಪಷ್ಟವಾಗಿ ಒಪ್ಪದ ಹೊರತು, ಹಣ ಯಾವ ದಾರಿಯಲ್ಲಿ ಪಾವತಿಯಾಗಿತ್ತೋ ಅದೇ ದಾರಿಯಲ್ಲಿ ಮರಳಬೇಕು. ಟ್ಯಾಕ್ಸಿ ಸೇವೆಯ ಓಲಾ ಮುಂದಿನ ಪ್ರಯಾಣಕ್ಕಷ್ಟೇ ಬಳಸಬಹುದಾದ ಕೂಪನ್ ಕೊಡುತ್ತಿದ್ದ ಪ್ರಕರಣದಲ್ಲಿ, ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೆ ಬಿಡಬೇಕೆಂದು ಕೇಂದ್ರ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ನಿರ್ದೇಶಿಸಿತು. ಅದು ಸರಕಿನ ವಿಷಯವಲ್ಲವಾದರೂ ಅದರ ಹಿಂದಿನ ತರ್ಕ ಎಲ್ಲ ರಿಫಂಡಿಗೂ ಹೊಂದುತ್ತದೆ: ಮರಳಬೇಕಾದ ಹಣವನ್ನು ಹೇಗೆ ಪಡೆಯಬೇಕೆಂದು ತೀರ್ಮಾನಿಸಬೇಕಾದವರು ಆ ಹಣ ಕೊಟ್ಟವರೇ.

ವ್ಯಾಜ್ಯದ ಸೋಲುಗೆಲುವು ಬಹುಪಾಲು ಪುರಾವೆಯ ಮೇಲೆ ನಿಂತಿದೆ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಲೇಬೇಕೆಂದು ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ; ಆದರೆ ಫೋನಿನ ಬದಲು ಸೋಪು ಬಂದಿತೆಂದು ಹೇಳುವ ಗ್ರಾಹಕರ ಬಳಿ ಮುಚ್ಚಿದ ಪೊಟ್ಟಣದ ಮೇಲಿನ ಲೇಬಲ್‌ನಿಂದ ಹಿಡಿದು ಒಳಗಿನ ವಸ್ತುವಿನವರೆಗೆ ತಡೆಯಿಲ್ಲದ ದೃಶ್ಯವಿದ್ದರೆ ವಾದ ಅಲ್ಲಿಗೇ ಮುಗಿಯುತ್ತದೆ. ವಸ್ತುವಿನ ಪುಟದಲ್ಲಿನ ವಿವರಣೆಯನ್ನು ಮಾರಾಟಗಾರರು ಯಾವಾಗ ಬೇಕಾದರೂ ತಿದ್ದಬಹುದಾದ್ದರಿಂದ ಆರ್ಡರ್ ಮಾಡಿದ ದಿನವೇ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು, ಪೊಟ್ಟಣ ಬಿಚ್ಚಿ ತೋರಿಸುವ ಡೆಲಿವರಿ ಇದ್ದಲ್ಲಿ ನೋಡಿದ ಮೇಲೆಯೇ ಒಟಿಪಿ ಹೇಳುವುದು, ವಾಪಸು ಒಯ್ದಾಗ ಅದಕ್ಕೊಂದು ರಸೀದಿಯನ್ನೋ ಸಂದೇಶವನ್ನೋ ಪಡೆಯುವುದು ಒಳ್ಳೆಯದು. ಮಾರಾಟಗಾರರಿಗೂ ಅವರದೇ ಸಂಕಟವಿದೆ ಎಂಬುದನ್ನು ಮರೆಯಬಾರದು: ಸಮಾರಂಭಕ್ಕೆ ಉಟ್ಟು ಮರುದಿನ ಮರಳಿಸಿದ ಬಟ್ಟೆ, ಹೊಸದರ ಪೆಟ್ಟಿಗೆಯಲ್ಲಿ ಹಳೆಯದನ್ನು ಇಟ್ಟು ಕಳಿಸಿದ ಉಪಕರಣ ಸಣ್ಣ ವ್ಯಾಪಾರಿಯ ತಿಂಗಳ ಲಾಭವನ್ನೇ ನುಂಗಬಲ್ಲವು, ಮತ್ತು ಪ್ರಾಮಾಣಿಕ ಗ್ರಾಹಕರ ಮಾತನ್ನೂ ಅನುಮಾನದಿಂದ ನೋಡುವ ಈಗಿನ ವಾತಾವರಣಕ್ಕೆ ಅಂಥ ವಂಚನೆಗಳ ಪಾಲೂ ಇದೆ.

ದೂರಿನ ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಅವರ ಹೆಸರು ಮತ್ತು ಸಂಪರ್ಕ ಜಾಲತಾಣದಲ್ಲಿ ಇರಲೇಬೇಕು, ದೂರು ಬಂದ 48 ಗಂಟೆಗಳಲ್ಲಿ ಅದು ತಲುಪಿದೆ ಎಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಕಸ್ಟಮರ್ ಕೇರ್‌ನ ಚಾಟ್‌ನಲ್ಲಿ ಮಾತಾಡುವುದಕ್ಕಿಂತ ಈ ಅಧಿಕಾರಿಗೆ ಇಮೇಲ್ ಬರೆಯುವುದು ಹೆಚ್ಚು ತೂಕದ ಹೆಜ್ಜೆ. ಅದರಿಂದ ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡವೂ ಸೇರಿದಂತೆ 17 ಭಾಷೆಗಳಲ್ಲಿ ಅಲ್ಲಿ ಸೇವೆ ಇದೆ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಅದು ಕಂಪನಿಯೊಡನೆ ಮಾತಾಡಿ ರಾಜಿಗೆ ಯತ್ನಿಸುವ ವ್ಯವಸ್ಥೆ. ಕಾರ್ಡಿನಲ್ಲಿ ಹಣ ಕೊಟ್ಟವರಿಗೆ ಇನ್ನೊಂದು ದಾರಿಯೂ ಉಂಟು: ಚಾರ್ಜ್‌ಬ್ಯಾಕ್, ಅಂದರೆ ಪಾವತಿಯನ್ನೇ ವಿವಾದಕ್ಕೆ ಒಡ್ಡಿ ತಮ್ಮ ಬ್ಯಾಂಕಿನ ಮೂಲಕ ಹಣ ಹಿಂದಕ್ಕೆ ಕೇಳುವುದು, ಇದಕ್ಕೆ ದಿನಗಳ ಮಿತಿ ಇರುವುದರಿಂದ ಕಂಪನಿಯ ಉತ್ತರಕ್ಕಾಗಿ ಕೊನೆಯಿಲ್ಲದೆ ಕಾಯಬಾರದು.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ದೊಡ್ಡ ಉಪಕಾರವೆಂದರೆ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಾರಾಟಗಾರರು ಸೂರತ್‌ನಲ್ಲಿದ್ದರೂ ಬೀದರ್‌ನವರು ಬೀದರ್‌ನಲ್ಲಿಯೇ ನ್ಯಾಯ ಕೇಳಬಹುದು. 50 ಲಕ್ಷ ರೂಪಾಯಿವರೆಗಿನ ಖರೀದಿಯ ವ್ಯಾಜ್ಯಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ, 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರಿಲ್ಲದೆ ತಾವೇ ವಾದಿಸಬಹುದು, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಆಯೋಗವು ಬೆಲೆಯನ್ನು ಬಡ್ಡಿಸಮೇತ ಮರಳಿಸಲು, ಪರಿಹಾರ ಮತ್ತು ಖರ್ಚು ಕೊಡಲು ಆದೇಶಿಸಬಲ್ಲದು; ಆದೇಶ ಪಾಲಿಸದವರಿಗೆ ಕನಿಷ್ಠ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ 25,000 ರೂಪಾಯಿಯಿಂದ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ.

ರಿಫಂಡ್‌ಗಾಗಿ ಕಾಯುತ್ತಿರುವವರನ್ನೇ ಹುಡುಕುವ ವಂಚಕರ ಬಗ್ಗೆಯೂ ಎಚ್ಚರ ಬೇಕು. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ಕಸ್ಟಮರ್ ಕೇರ್ ಸಂಖ್ಯೆಗಳಲ್ಲಿ ನಕಲಿಗಳಿರುತ್ತವೆ. ಸಂಖ್ಯೆಯನ್ನು ಕಂಪನಿಯ ಆ್ಯಪ್‌ನಿಂದಲೇ ಪಡೆಯಬೇಕು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋದವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಇದ್ದರೂ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಯುಪಿಐ ಮೂಲಕ ಅಂಗಡಿಗೆ ಕಳಿಸಿದ ಹಣ ಖಾತೆಯಿಂದ ಕಡಿತವಾಗಿ ಅಂಗಡಿಗೆ ತಲುಪದೆ ಹೋದರೆ, ಅದನ್ನು ಐದು ದಿನಗಳೊಳಗೆ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿಯೇ ನಿಗದಿಪಡಿಸಿದೆ. ಮರಳಿಸಿದ ಸರಕಿನ ರಿಫಂಡ್‌ಗೆ ಆ ನಿಯಮ ಅನ್ವಯಿಸುವುದಿಲ್ಲ. ಇ-ಕಾಮರ್ಸ್ ನಿಯಮಗಳು ಒಪ್ಪಿಕೊಂಡ ರಿಫಂಡನ್ನು ‘ಸಮಂಜಸ ಅವಧಿ’ಯಲ್ಲಿ ಕೊಡಬೇಕೆಂದು ಹೇಳುತ್ತವೆಯೇ ಹೊರತು ಆ ಅವಧಿ ಎಷ್ಟು ದಿನವೆಂದು ತಾವಾಗಿ ಹೇಳುವುದಿಲ್ಲ, ತಡವಾದ ಪ್ರತಿ ದಿನಕ್ಕೂ ಬೆಲೆ ತೆರಬೇಕೆಂದೂ ಹೇಳುವುದಿಲ್ಲ. ಸರಕು ಮಾರಾಟಗಾರರ ಕೈಸೇರಿದ ಮೇಲೂ ಹಣವನ್ನು ತಮ್ಮ ಬಳಿಯೇ ಇಟ್ಟುಕೊಂಡವರು ಅದಕ್ಕೆ ತಾವಾಗಿಯೇ ಬಡ್ಡಿ ಕೊಡಬೇಕಾದ ಏರ್ಪಾಡು ಇಲ್ಲದಿರುವುದು ನ್ಯಾಯವಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ಸಮಂಜಸ ಅವಧಿ’ ಎಂಬ ಮಾತಿನ ಜಾಗದಲ್ಲಿ ದಿನಗಳ ಸಂಖ್ಯೆಯನ್ನು ಬರೆದು, ವಿಳಂಬಕ್ಕೆ ದಿನವಹಿ ಪರಿಹಾರವನ್ನು ಕಡ್ಡಾಯಗೊಳಿಸಬೇಕು.