ಮನೆ ಅವರದು, ನೆಲ ಧಣಿಯದು

1971ರ ಮೇ 11ರಂದು ಹವಾಯಿಯ ಒವಾಹು ದ್ವೀಪದಲ್ಲಿ, ಕಲಾಮಾ ಎಂಬ ಕಣಿವೆಯಲ್ಲಿ, ಒಂದು ಮನೆಯ ಮಾಡಿನ ಮೇಲೆ ಹತ್ತಿ ಕೂತಿದ್ದವರನ್ನು ಪೊಲೀಸರು ಇಳಿಸಿ ಬಂಧಿಸಿದರು. ಒಟ್ಟು 32 ಜನ. ಸುತ್ತಲಿನ ಮನೆಗಳನ್ನು ಅಷ್ಟರಲ್ಲಿ ಬುಲ್ಡೋಜರ್ ನೆಲಸಮ ಮಾಡಿತ್ತು. ಕೊನೆಯವರೆಗೂ ಜಾಗ ಬಿಡದೆ ಕೂತವನು ಜಾರ್ಜ್ ಸಾಂಟೋಸ್ ಎಂಬ ಹಂದಿ ಸಾಕಣೆಗಾರ. ಹವಾಯಿಯ ಮೂಲನಿವಾಸಿಗಳ ಆಧುನಿಕ ಹಕ್ಕು ಹೋರಾಟ ಶುರುವಾದದ್ದು ಇಲ್ಲಿಂದ ಎಂದು ಇತಿಹಾಸಕಾರರು ಹೇಳುತ್ತಾರೆ, ಅದು ನ್ಯಾಯವಾದ ಮಾತೇ. ಆದರೆ ಪಕ್ಕದಲ್ಲೇ ಎದ್ದ ‘ಹವಾಯಿ ಕಾಯ್’ ಎಂಬ ಯೋಜಿತ ಉಪನಗರದ ಕತೆ ಹೇಳುವವರಿಗೆ ಸಾಂಟೋಸ್ ಒಂದು ಅಡಿಟಿಪ್ಪಣಿ. ನನ್ನ ತಕರಾರು ಇರುವುದು ಇಲ್ಲಿ. ಆ ಬಡಾವಣೆಯ ದೋಣಿಕಟ್ಟೆಯುಳ್ಳ ಮನೆಯವನೂ ಕಲಾಮಾದ ಹಂದಿಗೂಡಿನವನೂ ಒಬ್ಬನೇ ಧಣಿಯ ಒಕ್ಕಲು. ಇಬ್ಬರ ಕಾಲಡಿಯ ನೆಲವೂ ಅವರದಲ್ಲ. ಇಬ್ಬರ ಕೈಯಲ್ಲಿದ್ದ ಕರಾರಿನ ಅವಧಿ ಮಾತ್ರ ಬೇರೆ. ಮುಂದೆ ಯಾರು ಉಳಿದರು, ಯಾರು ಎದ್ದರು ಎಂಬುದನ್ನು ತೀರ್ಮಾನಿಸಿದ್ದು ಆ ಅವಧಿಯೇ.

ಧಣಿ ಎಂದರೆ ಬಿಷಪ್ ಎಸ್ಟೇಟ್ ಎಂಬ ಟ್ರಸ್ಟ್. 1848ರ ‘ಮಹೆಲೆ’ಯಲ್ಲಿ ಹವಾಯಿಯ ಅರಸ ದ್ವೀಪಗಳ ಭೂಮಿಯನ್ನು ತನಗೆ, ಸರ್ಕಾರಕ್ಕೆ, ಮುಖಂಡರಿಗೆ ಎಂದು ಪಾಲು ಹಾಕಿದ. ಎರಡು ವರ್ಷದ ನಂತರ ಸಾಮಾನ್ಯ ರೈತರೂ ತಾವು ಉಳುತ್ತಿದ್ದ ತುಂಡು ನೆಲಕ್ಕೆ ಹಕ್ಕು ಕೇಳಬಹುದು ಎಂಬ ಕಾನೂನು ಬಂತು. ಕಡೆಗೆ ಅವರಿಗೆ ದಕ್ಕಿದ್ದು ಶೇಕಡಾ ಒಂದಕ್ಕಿಂತ ಕಡಿಮೆ. ಮುಖಂಡರ ಪಾಲು ಮದುವೆ, ಸಾವು, ವಾರಸುದಾರಿಕೆಗಳ ದಾರಿಯಲ್ಲಿ ಸಾಗಿ ದೊಡ್ಡ ಭಾಗವಾಗಿ ಒಬ್ಬ ಹೆಣ್ಣುಮಗಳ ಕೈಸೇರಿತು. ಆಕೆ ಒಂದನೆಯ ಕಮೆಹಮೆಹಾನ ಮರಿಮಗಳು ಬರ್ನಿಸ್ ಪೌವಾಹಿ ಬಿಷಪ್. ಮಕ್ಕಳಿಲ್ಲದ ಆಕೆ 1884ರಲ್ಲಿ ತೀರಿಕೊಂಡಾಗ ಸುಮಾರು 3,75,000 ಎಕರೆ ಭೂಮಿಯನ್ನು ಶಾಲೆ ನಡೆಸಲೆಂದು ಉಯಿಲು ಬರೆದಿಟ್ಟಿದ್ದಳು. ಕಮೆಹಮೆಹಾ ಶಾಲೆಗಳು ಹುಟ್ಟಿದ್ದು ಹಾಗೆ. ಶಾಲೆಗೋ ಟ್ರಸ್ಟಿನ ಹಿತಕ್ಕೋ ತೀರಾ ಅಗತ್ಯ ಬಿದ್ದರೆ ಹೊರತು ಜಮೀನು ಮಾರಕೂಡದು ಎಂಬುದು ಉಯಿಲಿನ ಕಟ್ಟುಪಾಡು. ಮಾರುವಂತಿಲ್ಲ, ಶಾಲೆ ನಡೆಯಬೇಕು ಎಂದಮೇಲೆ ಉಳಿದ ದಾರಿ ಗೇಣಿಗೆ ಕೊಡುವುದು. ಒವಾಹುವಿನ ಉಪನಗರಗಳ ಹಣೆಬರಹ ಬರೆದದ್ದು ಯಾವ ವಾಸ್ತುಶಿಲ್ಪಿಯೂ ಅಲ್ಲ, ಈ ಉಯಿಲು.

ಹವಾಯಿ 1959ರಲ್ಲಿ ಅಮೆರಿಕದ ರಾಜ್ಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳನ್ನು ಸಾಲುಸಾಲಾಗಿ ಕಟ್ಟಿ ಹೆಸರಾಗಿದ್ದ ಹೆನ್ರಿ ಕೈಸರ್ ಐದು ವರ್ಷ ಮೊದಲೇ, ತನ್ನ 72ನೆಯ ವಯಸ್ಸಿನಲ್ಲಿ, ಅಲ್ಲಿಗೆ ಬಂದು ವೈಕಿಕಿಯಲ್ಲಿ ಹೋಟೆಲು ತೆರೆದಿದ್ದ. ಆತನ ಕಣ್ಣು ಬಿದ್ದದ್ದು ಹೊನೊಲುಲುವಿನ ಪೂರ್ವಕ್ಕೆ ಮೌನಲುವಾ ಎಂಬಲ್ಲಿದ್ದ ಸುಮಾರು 6,000 ಎಕರೆಯ ಮೇಲೆ. ನಡುವೆ ಕುವಾಪಾ ಕೊಳ, 523 ಎಕರೆ, ದ್ವೀಪಗಳಲ್ಲೇ ಅತಿ ದೊಡ್ಡ ಮೀನುಕೊಳ. ಇಂಥ ಕೊಳಗಳ ಕೆಲಸದ ರೀತಿ ಗಮನಿಸುವಂಥದ್ದು. ಸಮುದ್ರಕ್ಕೆ ಅಡ್ಡವಾಗಿ ಕಲ್ಲಿನ ಗೋಡೆ, ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿ, ಕಿಂಡಿಗೆ ಒತ್ತಾಗಿ ನಿಲ್ಲಿಸಿದ ಮರದ ಸಲಾಕೆಗಳ ಜಾಲರಿ. ಭರತದ ನೀರಿನ ಜೊತೆ ಬೆರಳಷ್ಟುದ್ದದ ಮರಿಗಳು ಸಂದಿಯಲ್ಲಿ ಒಳನುಸುಳುತ್ತವೆ. ಒಳಗೆ ಪಾಚಿ ತಿಂದು ಕೊಬ್ಬಿದ ಮೇಲೆ ಅದೇ ಸಂದಿಯಲ್ಲಿ ಹೊರಗೆ ಹೋಗಲಾರವು. ಶತಮಾನಗಳ ಈ ಜಾಣತನದ ಜಾಗಕ್ಕೆ ಕೈಸರ್ ಹೂಳೆತ್ತುವ ಯಂತ್ರ ತಂದ. ಕೊಳ ದೋಣಿಗಳ ತಂಗುದಾಣವಾಯಿತು. ಎತ್ತಿದ ಹೂಳಿನಿಂದ ನೀರಿನೊಳಕ್ಕೆ ಚಾಚಿದ ನೆಲದ ಪಟ್ಟಿಗಳು, ಅವುಗಳ ಮೇಲೆ ನಿವೇಶನಗಳು, ಹಿತ್ತಿಲಿಗೊಂದು ದೋಣಿಕಟ್ಟೆ. ಮೀನಿನ ಗೋಡೆ ಹೋದದ್ದಕ್ಕೆ ಯಾರೂ ಲೆಕ್ಕ ಇಟ್ಟಂತಿಲ್ಲ. ಆ ಕಾಲದ ಪ್ರಗತಿಗೆ ಅಂಥ ಲೆಕ್ಕದ ಅಭ್ಯಾಸವೇ ಇರಲಿಲ್ಲ.

ಮುಖ್ಯ ವಿಷಯವೆಂದರೆ, ಕೈಸರ್ ಈ ನೆಲ ಕೊಂಡವನಲ್ಲ. ಬಿಷಪ್ ಎಸ್ಟೇಟಿನ ಜೊತೆ ಒಪ್ಪಂದ ಮಾಡಿಕೊಂಡು ಅಭಿವೃದ್ಧಿಪಡಿಸಿದ. ಮನೆ ಕೊಂಡವರಿಗೆ ಸಿಕ್ಕಿದ್ದು ಕಟ್ಟಡ ಮತ್ತು ನೆಲದ ಗೇಣಿಪತ್ರ. ಒವಾಹುವಿನಲ್ಲಿ ಇಂಥ ಕರಾರು ಸಾಮಾನ್ಯವಾಗಿ 55 ವರ್ಷದ್ದು, ಮೊದಲ ಎರಡು ಮೂರು ದಶಕ ಗೇಣಿ ನಿಗದಿ, ಆಮೇಲೆ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ಹೊಸ ಲೆಕ್ಕ, ಅವಧಿ ಮುಗಿದರೆ ನೆಲ ಧಣಿಗೆ ವಾಪಸು. ಕಲಾಮಾದವರದ್ದಾದರೋ ತಿಂಗಳ ಕರಾರು, ನೋಟಿಸು ಬಂದರೆ ಏಳಬೇಕು. ನಮ್ಮ ಕರಾವಳಿಯ ಕಾಯಂ ಒಕ್ಕಲಿನ ಮೂಲಗೇಣಿ, ಧಣಿ ಬಯಸಿದಾಗ ಬಿಡಿಸುವ ಚಾಲಗೇಣಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹವಾಯಿ ಕಾಯ್‌ನ ‘ಮೂಲಗೇಣಿ’ಗೂ ಕೊನೆಯ ದಿನ ಗೊತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಕಲಾಮಾದ ಹಲವರು ಬೇರೆ ಕಡೆ ಬಡಾವಣೆಗಳು ಬಂದು ಒಕ್ಕಲೆಬ್ಬಿಸಲ್ಪಟ್ಟು ಇಲ್ಲಿಗೆ ಬಂದು ನೆಲೆಸಿದವರು. ಊರು ಬೆಳೆದ ಹಾಗೆಲ್ಲ ಹಂದಿ, ತರಕಾರಿ, ಬಡತನ ಮೂರನ್ನೂ ಊರಾಚೆಗೆ ದೂಡುತ್ತ ಬಂದ ದ್ವೀಪದಲ್ಲಿ ಕೊನೆಗೆ ದೂಡಲು ಆಚೆಯೇ ಉಳಿಯಲಿಲ್ಲ. ಬಡಾವಣೆಗಾಗಿ ಕಲಾಮಾದವರಿಗೂ ನೋಟಿಸು ಬಂದಾಗ ಅವರ ಬೆಂಬಲಕ್ಕೆ ಬಂದ ವಿದ್ಯಾರ್ಥಿಗಳೂ ಯುವಕರೂ ‘ಕೋಕುವಾ ಕಲಾಮಾ’ ಎಂದು ಸಂಘಟಿತರಾದರು. ಕಾನೂನಿನ ಪುಸ್ತಕದಲ್ಲಿ ಅವರಿಗೆ ಉತ್ತರ ಸಿದ್ಧವಿತ್ತು: ತಿಂಗಳ ಒಕ್ಕಲಿಗೆ ಯಾವ ಹಕ್ಕೂ ಇಲ್ಲ.

ಇಲ್ಲಿಂದಾಚೆಗಿನದು ನನ್ನ ವಾದದ ಗಟ್ಟಿ ಸಾಕ್ಷ್ಯ. ಕೈಸರ್ ಸತ್ತ 1967ರಲ್ಲೇ ಹವಾಯಿಯ ಶಾಸನಸಭೆ ಭೂಸುಧಾರಣಾ ಕಾಯ್ದೆ ತಂದಿತ್ತು. ಅದಕ್ಕೆ ಆಧಾರವಾದ ಅಂಕಿಗಳು ಬೆಚ್ಚಿಬೀಳಿಸುವಂಥವು: ರಾಜ್ಯದ ನೆಲದ ಶೇಕಡಾ 49 ಸರ್ಕಾರಗಳದ್ದು, ಶೇಕಡಾ 47 ಬರೀ 72 ಖಾಸಗಿ ಒಡೆಯರದ್ದು. ಒಂದೇ ಕುಟುಂಬದ ಮನೆಯಿರುವ ನಿವೇಶನದ ಗೇಣಿದಾರರು, ಬಡಾವಣೆ ಕನಿಷ್ಠ ಐದು ಎಕರೆಯದ್ದಾದರೆ, 25 ಜನ ಅಥವಾ ಅರ್ಧದಷ್ಟು ಜನ ಕೂಡಿ ಅರ್ಜಿ ಹಾಕಬಹುದು. ಸರ್ಕಾರ ವಿಚಾರಣೆ ನಡೆಸಿ ಪರಿಹಾರ ಕೊಟ್ಟು ನೆಲವನ್ನು ಸ್ವಾಧೀನಪಡಿಸಿಕೊಂಡು ಅವರಿಗೇ ಮಾರಬಹುದು. ಎಸ್ಟೇಟಿನ ಟ್ರಸ್ಟಿಗಳು ಕೋರ್ಟಿಗೆ ಹೋದರು. ಒಬ್ಬನ ಸ್ವತ್ತು ಕಿತ್ತು ಇನ್ನೊಬ್ಬನಿಗೆ ಕೊಡುವುದು ಸಾರ್ವಜನಿಕ ಉಪಯೋಗ ಹೇಗಾದೀತು ಎಂಬುದು ಅವರ ಪ್ರಶ್ನೆ. ಮೇಲ್ಮನವಿ ನ್ಯಾಯಾಲಯ 1983ರಲ್ಲಿ ಅವರ ಪರವೇ ಹೇಳಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ 8–0 ಮತಗಳಿಂದ ಅದನ್ನು ತಿರುಗಿಸಿತು. ಸಾಂಡ್ರಾ ಡೇ ಒ’ಕಾನರ್ ಬರೆದ ಆ ತೀರ್ಪಿನ ತಿರುಳು ಇಷ್ಟು: ನೆಲ ಕೆಲವೇ ಕೈಗಳಲ್ಲಿ ಸಿಕ್ಕಿಬಿದ್ದು ಮಾರುಕಟ್ಟೆ ಕೆಟ್ಟಿದೆ, ಅದನ್ನು ಸರಿಪಡಿಸುವುದೇ ಸಾರ್ವಜನಿಕ ಉದ್ದೇಶ. ದೋಣಿಕಟ್ಟೆಯ ಮನೆಯವರಿಗೆ ನೆಲದ ಒಡೆತನದ ಬಾಗಿಲು ತೆರೆಯಿತು. ತಿಂಗಳ ಒಕ್ಕಲಿಗೆ ಈ ಕಾಯ್ದೆಯಲ್ಲಿ ಒಂದು ಸಾಲೂ ಇರಲಿಲ್ಲ. ಅಪಾರ್ಟ್‌ಮೆಂಟಿನ ಗೇಣಿದಾರರೂ ಹೊರಗೇ ಉಳಿದರು. ಅವರಿಗಾಗಿ ಹೊನೊಲುಲು ನಗರ 1991ರಲ್ಲಿ ಬೇರೆ ಕಾನೂನು ತಂದು 2005ರಲ್ಲಿ ಅದನ್ನೂ ರದ್ದುಮಾಡಿತು. ಬಾಡಿಗೆಗೆ ಇರುವವರ ಬಗ್ಗೆ ಕೇಳುವುದೇ ಬೇಡ.

ಗೇಣಿ ಪದ್ಧತಿಯಿಂದಾಗಿಯೇ ಮಧ್ಯಮವರ್ಗಕ್ಕೆ ಮನೆ ಕೈಗೆಟುಕಿತಲ್ಲ ಎನ್ನುವವರಿದ್ದಾರೆ. ಎಟುಕಿತು, ನಿಜ, ಕೊಳ್ಳುವಾಗ ನೆಲದ ಬೆಲೆ ತೆರಬೇಕಿರಲಿಲ್ಲ. ಆದರೆ ಹಳೆಯ ಬಡಾವಣೆಗಳಲ್ಲಿ ಗೇಣಿಯ ಮರುನಿಗದಿ ಹತ್ತಿರ ಬಂದಾಗ ಅಗ್ಗದ ಗುಟ್ಟು ಬಯಲಾಯಿತು. ಇದಕ್ಕಿಂತ ಭಾರದ ಆಕ್ಷೇಪ ಇನ್ನೊಂದಿದೆ: ಈ ಧಣಿ ಸಾಮಾನ್ಯ ಧಣಿಯಲ್ಲ, ಹವಾಯಿಯ ಮಕ್ಕಳ ಶಾಲೆ, ಭೂಮಿ ಕಳೆದುಕೊಂಡ ಜನಕ್ಕೆ ಉಳಿದಿದ್ದ ದೊಡ್ಡ ಆಸ್ತಿಯನ್ನು ಹೊರಗಿಂದ ಬಂದ ಮನೆಯವರಿಗೆ ಬರೆದುಕೊಟ್ಟದ್ದು ಎಂಥ ಸುಧಾರಣೆ? ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೂ ಕಲಾಮಾದಿಂದ ಜನರನ್ನು ಎಬ್ಬಿಸುವಾಗ ಧಣಿ ನಡೆದುಕೊಂಡದ್ದು ಶಾಲೆಯ ಹಾಗಲ್ಲ, ಜಮೀನ್ದಾರನ ಹಾಗೆ. ನೆಲ ಮಾರಿ ಬಂದ ದುಡ್ಡಿನಿಂದ ಕೊಬ್ಬಿದ ಇದೇ ಟ್ರಸ್ಟಿನಲ್ಲಿ ಐವರು ಟ್ರಸ್ಟಿಗಳು ತಲಾ ವರ್ಷಕ್ಕೆ 8 ಲಕ್ಷ ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದರು; 1997ರಲ್ಲಿ ದೊಡ್ಡ ಗಲಾಟೆಯೆದ್ದು ಎರಡು ವರ್ಷದಲ್ಲಿ ಅವರೆಲ್ಲ ಹೊರಬೀಳಬೇಕಾಯಿತು. ಪೌವಾಹಿಯ ಹೆಸರು ಹೇಳಿ ಯಾರನ್ನು ಕಾಪಾಡುತ್ತಿದ್ದೇವೆ ಎಂದು ಆಕ್ಷೇಪಿಸುವವರೂ ಒಮ್ಮೆ ನೋಡಬೇಕು.

ಕಾನೂನು ಎಲ್ಲ ರೋಗಕ್ಕೂ ಮದ್ದಲ್ಲ, ನೆಲದ ಗಂಟು ಬಿಡಿಸುವುದಷ್ಟೇ ಅದರ ಕೆಲಸ ಎಂಬುದು ಮೂರನೆಯ ಮಾತು. ಹಾಗಾದರೆ ಮಾರುಕಟ್ಟೆ ಸರಿಹೋಗುತ್ತದೆ ಎಂಬ ಭರವಸೆ ಏಕೆ ಕೊಡಬೇಕಿತ್ತು? ತೀರ್ಪಿನ ಬೆನ್ನಿಗೇ, 80ರ ದಶಕದ ಕೊನೆಯಲ್ಲಿ, ಜಪಾನಿನ ಹಣ ಕಹಾಲಾ, ಹವಾಯಿ ಕಾಯ್‌ಗಳಂಥ ಬಡಾವಣೆಗಳಿಗೆ ನುಗ್ಗಿ ಮನೆಗಳ ಬೆಲೆ ಗಗನಕ್ಕೇರಿತು. ಮಾರಲು ಬಾರದಿದ್ದ ನೆಲ ಈಗ ಯಾರಿಗಾದರೂ ಮಾರಬಹುದಾದ ನೆಲ. ಹಿಂದಿನ ಗೇಣಿದಾರ ಗೆದ್ದ, ಮುಂದಿನ ಬಾಡಿಗೆದಾರನಿಗೆ ಧಣಿ ಒಬ್ಬನ ಬದಲು ಹಲವರಾದರು, ಅಷ್ಟೇ. ಸಾರ್ವಜನಿಕ ಉದ್ದೇಶ ಎಂಬ ಮಾತಿನ ‘ಸಾರ್ವಜನಿಕ’ದೊಳಗೆ ಬಾಡಿಗೆದಾರನನ್ನು ಎಣಿಸಿದ್ದಿದ್ದರೆ ಕಾಯ್ದೆಯ ಆಕಾರವೇ ಬೇರೆಯಾಗುತ್ತಿತ್ತು.

ಬೇರೆಯಾಗುವುದು ಸಾಧ್ಯವಿತ್ತೇ? ದ್ವೀಪದ ಇನ್ನೊಂದು ಮಗ್ಗುಲಿನ ವಾಯಾಹೋಲೆ ಕಣಿವೆಯನ್ನು ನೋಡಿದರೆ, ಇತ್ತು ಎನ್ನಬೇಕು. ಅಲ್ಲಿಯೂ ಬಡಾವಣೆಯ ಯೋಜನೆ, ಅಲ್ಲಿಯೂ ಗೇಣಿಗೆ ಕೃಷಿ ಮಾಡುತ್ತಿದ್ದ ಬಡವರು, ಅಲ್ಲಿಯೂ ಒಕ್ಕಲೆಬ್ಬಿಸುವ ಆದೇಶ. ಕಲಾಮಾದಿಂದ ಪಾಠ ಕಲಿತವರು ಅಲ್ಲಿನವರ ಬೆನ್ನಿಗೆ ನಿಂತರು. ರಸ್ತೆ ತಡೆ ನಡೆಯಿತು. 1977ರಲ್ಲಿ ಗವರ್ನರ್ ಜಾರ್ಜ್ ಅರಿಯೋಶಿ ಸರ್ಕಾರದ ದುಡ್ಡಿನಿಂದ ಸುಮಾರು 600 ಎಕರೆ ಕೊಂಡುಕೊಂಡು ಒಕ್ಕಲುಗಳನ್ನು ಅಲ್ಲೇ ಉಳಿಸಿದರು. ಕೋರ್ಟಿನ ತೀರ್ಪಿನಿಂದ ಆದದ್ದಲ್ಲ ಅದು, ಜನ ರಸ್ತೆಗಿಳಿದಿದ್ದರಿಂದ ಆದದ್ದು. ದೀರ್ಘಾವಧಿ ಕರಾರು ಕೈಗೆ ಬರಲು ಮತ್ತೆ ಎರಡು ದಶಕ ಹಿಡಿಯಿತು, 1998ರಲ್ಲಿ ಬಂತು. ಅವಧಿ ಎಷ್ಟು ಗೊತ್ತೇ? 55 ವರ್ಷ, ಅದರಲ್ಲಿ ಮೊದಲ 25 ವರ್ಷ ಗೇಣಿ ನಿಗದಿ. ಆ ಗಡುವು 2023ರಲ್ಲಿ ಮುಗಿದಾಗ ವಾಯಾಹೋಲೆಯ ಕೃಷಿಕರು ಗೇಣಿ ಏರಿಕೆಯ ವಿರುದ್ಧ ದನಿಯೆತ್ತಬೇಕಾಯಿತು, ಈ ಬಾರಿ ಧಣಿ ಸ್ವತಃ ಸರ್ಕಾರ.