ಕಡಲಾಚೆಯ ಕುಸ್ವಾರ್

ಮಂಗಳೂರಿನ ಕಡೆ ಬೆಳೆದ ನಮ್ಮಂಥವರಿಗೆ ಡಿಸೆಂಬರಿನ ಕೊನೆಯ ವಾರವೆಂದರೆ ಬೇಲಿ ದಾಟಿ ಬರುವ ಒಂದು ತಟ್ಟೆ. ಬಿಳಿಯ ಬಟ್ಟೆ ಹೊದಿಸಿದ ಆ ತಟ್ಟೆಯಲ್ಲಿ ಇರುತ್ತಿದ್ದುದು ಕುಸ್ವಾರ್. ಕೊಂಕಣಿ ಮನೆಮಾತಿನ ಅಲ್ಲಿಯ ಕ್ಯಾಥೊಲಿಕರು ಕ್ರಿಸ್ಮಸ್ಸಿಗೆಂದು ಮಾಡುವ ತಿಂಡಿಗಳಿಗೆಲ್ಲ ಅದೊಂದೇ ಹೆಸರು. ದೀಪಾವಳಿಗೆ ನಮ್ಮ ಮನೆಯಿಂದ ಹೋದ ತಟ್ಟೆ ಹೀಗೆ ತುಂಬಿಕೊಂಡು ಹಿಂದಿರುಗುತ್ತಿತ್ತು. ಅದು ಕಡಲನ್ನು ದಾಟಿದ ಮೇಲೆ ಏನಾಯಿತೆಂಬುದು ಇಂದಿನ ಮಾತು.

ವಲಸೆ ಈ ಜನಕ್ಕೆ ಹೊಸದೇನಲ್ಲ. ಅವರ ಹಿರಿಯರು ಗೋವೆಯಿಂದ ಬಂದವರು. ಹಬ್ಬಕ್ಕೆ ಅವರು ಕೊಟ್ಟಿರುವ ‘ನತಾಲಾಂ’ ಎಂಬ ಹೆಸರಿನ ಮೂಲ ಪೋರ್ಚುಗೀಸಿನಲ್ಲಿದೆ. ಪರದೇಶದಿಂದ ಬಂದ ಹಬ್ಬ ನಮ್ಮ ಕರಾವಳಿಯ ತೆಂಗು, ಅಕ್ಕಿ, ಎಳ್ಳುಗಳನ್ನು ಉಂಡು ಇಲ್ಲಿಯದಾಯಿತು. ಮತ್ತೆ ಹಡಗು ಹತ್ತಿತು. ಬಹರೇನಿನಲ್ಲಿ ೧೯೩೯ರಷ್ಟು ಹಿಂದೆಯೇ ಕ್ಯಾಥೊಲಿಕ್ ಇಗರ್ಜಿ ಎದ್ದಿತ್ತು. ದುಬೈಯ ಸಂತ ಮೇರಿಯ ಇಗರ್ಜಿ ೧೯೬೭ರದು. ಅದರ ನೆಲ ಅಲ್ಲಿಯ ದೊರೆ ಶೇಖ್ ರಶೀದರು ಕೊಟ್ಟದ್ದು.

ಪರದೇಶದಲ್ಲಿ ಹಬ್ಬವನ್ನು ಮೊದಲು ಕಾಡುವುದು ಪಂಚಾಂಗ. ಕುವೈತ್, ಕತಾರ್, ಯು.ಎ.ಇ.ಗಳಲ್ಲಿ ಡಿಸೆಂಬರ್ ೨೫ ಸರ್ಕಾರಿ ರಜೆಯಲ್ಲ. ವಾರದ ಬಿಡುವು ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಯನ್ನೇ ಶುಕ್ರವಾರಕ್ಕೆ ಒಯ್ದು ನಡೆಸುವುದು ರೂಢಿಯಾಯಿತು. ಯು.ಎ.ಇ. ತನ್ನ ವಾರಾಂತ್ಯವನ್ನು ಶನಿವಾರ-ಭಾನುವಾರಗಳಿಗೆ ಬದಲಿಸಿದ್ದು ೨೦೨೨ರ ಜನವರಿಯಲ್ಲಿ. ಹಬ್ಬ ವಾರದ ನಡುವೆ ಬಿದ್ದರೆ, ನಡುರಾತ್ರಿಯ ಪೂಜೆ ಮುಗಿಸಿ ಬಂದವನು ಬೆಳಗಾಗುತ್ತಲೇ ಕೆಲಸಕ್ಕೆ ಹೊರಡಬೇಕು. ಸೌದಿ ಅರೇಬಿಯದಲ್ಲಂತೂ ಇಗರ್ಜಿಗಳೇ ಇಲ್ಲ. ಹಬ್ಬವೆಲ್ಲ ಮುಚ್ಚಿದ ಬಾಗಿಲ ಒಳಗೆ. ಸಂಸಾರವನ್ನು ಊರಲ್ಲಿ ಬಿಟ್ಟು ಒಂದೇ ಕೋಣೆಯಲ್ಲಿ ಹಲವರು ಇರುವ ಕಡೆ, ಊರಿನಿಂದ ಬಂದವರಾರೋ ತಂದ ಡಬ್ಬಿಯೇ ಹಬ್ಬ.

ಆ ಡಬ್ಬಿ ಕೆಡದೆ ಹೋಗುವುದರಲ್ಲಿ ಅಜ್ಜಿಯರ ಜಾಣ್ಮೆಯಿದೆ. ಕುಸ್ವಾರಿನಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಿದವು, ನೀರಿನ ಪಸೆ ಉಳಿಯದವು. ನೆವ್ರಿಯ ಹೂರಣದ ಎಳ್ಳನ್ನೂ ತೆಂಗಿನ ತುರಿಯನ್ನೂ ಚೆನ್ನಾಗಿ ಹುರಿಯಬೇಕು; ತುರಿ ಹಸಿಯಾಗಿ ಉಳಿದರೆ ವಾರದೊಳಗೆ ಕಮಟು. ಗುಳಿಯೊ ಎಂಬ ಅಕ್ಕಿಹಿಟ್ಟಿನ ಗೋಲಿಗಳನ್ನು ಕರಿದ ಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಪಾಕ ಆರಿ ಬಿಳಿಯ ಹೊದಿಕೆಯಾಗುತ್ತದೆ. ಕಿಡಿಯೊ ಮಕ್ಕಳ ಪಾಲಿನ ಕೆಲಸ: ತೆಂಗಿನ ಹಾಲಿನಲ್ಲಿ ಕಲಸಿದ ಮೈದಾದ ಉಂಡೆಯನ್ನು ಮುಳ್ಳುಚಮಚದ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಎಳೆಯುವುದು. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು. ಹೆಸರು ಕೇಳಿ ಮುಖ ಸಿಂಡರಿಸಿದವರೇ ಎರಡನೆಯ ಸಲ ಕೈ ಚಾಚುತ್ತಾರೆ! ಸಾವಿರ ಸುರುಳಿ ಒಬ್ಬರಿಂದಾಗುವ ಮಾತಲ್ಲ. ಕೊಲ್ಲಿಯ ಪುಟ್ಟ ಫ್ಲಾಟುಗಳಲ್ಲಿ ನಾಲ್ಕಾರು ಸಂಸಾರಗಳು ಬಿಡುವಿನ ದಿನ ಒಂದೆಡೆ ಸೇರಿ ಕುಳಿತು ಮಾಡುವುದು ಅದರಿಂದಲೇ.

ಗೋದಲಿಯ ವಿಷಯವೂ ಇಷ್ಟೆ. ಊರಿನಲ್ಲಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿ ಬಾಲಯೇಸುವಿನ ಸುತ್ತ ಹಸಿರು ಹೊಲ ಹೂಡುವ ಪದ್ಧತಿಯುಂಟು; ಮರುಭೂಮಿಯ ಬಾಲ್ಕನಿಯಲ್ಲಿಯೂ ರಾಗಿ ಮೊಳೆಯುತ್ತದೆ.

ಹೋದ ಸಲ ಊರಿಗೆ ಹೋದಾಗ ನೆರೆಮನೆಗೆ ಹೋಗಿದ್ದೆ. ಮಗ, ಸೊಸೆ ಕೊಲ್ಲಿಯಲ್ಲಿ, ಮನೆಯಲ್ಲಿ ತಾಯಿಯೊಬ್ಬರೇ. ತಟ್ಟೆ ಬಂತು. ಅದರಲ್ಲಿ ಎಲ್ಲವೂ ಇತ್ತು, ಕೊಕ್ಕಿಸಾಂ ಒಂದನ್ನು ಬಿಟ್ಟು. ಕಬ್ಬಿಣದ ಹೂವಿನ ಅಚ್ಚನ್ನು ಕಾದ ಎಣ್ಣೆಯಲ್ಲಿಟ್ಟು, ಹಿಟ್ಟಿಗೆ ಅದ್ದಿ, ಮತ್ತೆ ಎಣ್ಣೆಗಿಳಿಸಿ ಅರಳಿಸುವ ತಿಂಡಿ ಅದು. ಕೇಳಿದೆ.

“ಅಚ್ಚು ಸೊಸೆಯ ಪೆಟ್ಟಿಗೆಯಲ್ಲಿ ಹೋಯಿತು ಮಗಾ,” ಎಂದರು. “ಅಲ್ಲಿ ಕೊಂಡ ಹೊಸ ಅಚ್ಚಿನಿಂದ ಹಿಟ್ಟು ಬಿಡುವುದೇ ಇಲ್ಲವಂತೆ. ಇದು ನನ್ನ ಅತ್ತೆಯ ಕಾಲದ್ದು; ಎಣ್ಣೆ ಕುಡಿದು ಕುಡಿದು ನುಣುಪಾಗಿತ್ತು.”

“ಹಾಗಾದರೆ ಈ ತಟ್ಟೆಯಲ್ಲಿರುವುದು?”

“ಬೇಕರಿಯದು. ಈಗ ಎಲ್ಲ ಪೊಟ್ಟಣದಲ್ಲಿ ಸಿಗುತ್ತದೆ. ಒಬ್ಬಳಿಗೆಂದು ಯಾರು ಎಣ್ಣೆ ಇಡುತ್ತಾರೆ?”

ಹೇಳುತ್ತ ಅವರು ಫೋನಿನಲ್ಲಿ ಮೊಮ್ಮಗಳ ಚಿತ್ರ ತೋರಿಸಿದರು. ಆರೇಳು ವರ್ಷದ ಹುಡುಗಿ, ಹಿಟ್ಟು ಮೆತ್ತಿದ ಕೈಯಲ್ಲಿ ಆ ಕರಿಯ ಅಚ್ಚನ್ನು ಎತ್ತಿ ಹಿಡಿದಿದ್ದಳು.