ಮಕ್ಕಳ ಶಾಲಾ ಪ್ರಾಜೆಕ್ಟೂ ತಂದೆಯ ಮೊಬೈಲೂ
ಮಗುವಿಗೆ ಶಾಲೆಯ ಪ್ರಾಜೆಕ್ಟು. ಅದಕ್ಕೆ ಬೇಕಾದ ಮೊಬೈಲು ತಂದೆಯೊಡನೆ ಹೋಟೆಲಿನಲ್ಲಿ. ನಮ್ಮವರ ಅನೇಕ ಮನೆಗಳ ಸ್ಥಿತಿಯಿದು. ಕೋವಿಡ್ಡಿನಿಂದ ಶಾಲೆಗಳು ಮುಚ್ಚಿ, 2020ರ ಜೂನ್ 1ರಂದು ಕೇರಳದ ಕೈಟ್ ಸಂಸ್ಥೆಯು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳನ್ನು ಆರಂಭಿಸಿದಾಗ ಈ ತೊಡಕು ಚೆನ್ನಾಗಿ ಅರಿವಿಗೆ ಬಂದಿತು.

ಆದರೆ ದಿನವಿಡೀ ಮೊಬೈಲು ಬೇಕೆಂದಿಲ್ಲ. ತ್ರಿಪ್ಪುಣಿತ್ತುರದ ಅತ್ತಚ್ಚಮಯ ಮೆರವಣಿಗೆಯೇ ವಿಷಯವೆನ್ನೋಣ. ಮಗು ಹಗಲಿನಲ್ಲಿ ಕಾಗದದ ಮೇಲೆ ಚಿತ್ರ ಬರೆದು, ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಸಿದ್ಧಪಡಿಸಿಕೊಳ್ಳಲಿ. ರಾತ್ರಿ ಕೆಲಸ ಮುಗಿಸಿ ಬಂದ ತಂದೆಯು ಚಿತ್ರಗಳ ಫೋಟೋ ತೆಗೆದು, ಮಗುವಿನ ಧ್ವನಿಯನ್ನು ಮುದ್ರಿಸಿ, ಉಚಿತವಾಗಿ ದೊರೆಯುವ ಸಾಧನದಿಂದ ಎರಡನ್ನೂ ಜೋಡಿಸಿಕೊಟ್ಟರಾಯಿತು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಬಳಕೆಗೆ ಮುಕ್ತವಾದ ಚಿತ್ರಗಳೂ ಸಿಗುವುವು. ತೆಗೆದವರ ಹೆಸರನ್ನು ತಪ್ಪದೆ ನಮೂದಿಸತಕ್ಕದ್ದು.

ಅಂತರ್ಜಾಲದಿಂದ ಇಳಿಸಿಕೊಂಡ ಹತ್ತು ಪುಟಗಳಿಗಿಂತ, ಮಗು ಕಣ್ಣಾರೆ ಕಂಡು ಹೇಳಿದ ನಾಲ್ಕು ಮಾತು ಮೇಲು.